ಕೊಳವೆಯ ಅಳತೆ ಮತ್ತು ವಿಜ್ಞಾನ ಶಿಕ್ಷಣ

ಸೂತ್ರವನ್ನು ಕಂಠಪಾಠ ಮಾಡಿದವನಿಗೆ ಅಂಕಗಳು ದೊರೆಯುತ್ತವೆ. ಸೂತ್ರವು ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು ಎಂಬುದನ್ನರಿತವನಿಗೆ ಮಾತ್ರ ವಿಜ್ಞಾನವು ಒಲಿಯುತ್ತದೆ. ಇವೆರಡರ ನಡುವಣ ಅಂತರವನ್ನು ಮನಗಾಣಿಸಲು ಒಂದು ಸಾಧಾರಣ ವಸ್ತುವೇ ಸಾಕು. ಅದೇ, ಮನೆಯಲ್ಲಿ ಜೋಡಿಸಿದ ಗಣಕಯಂತ್ರವನ್ನು ತಂಪಾಗಿರಿಸುವ ನೀರಿನ ಕೊಳವೆ.

ಗಣಕಯಂತ್ರದ ಪ್ರೊಸೆಸರ್ ದುಡಿಯುವಾಗ ಬಿಸಿಯೇರುವುದು ಸಹಜ. ಸಾಮಾನ್ಯವಾಗಿ ಈ ಶಾಖವನ್ನು ಫ್ಯಾನಿನ ಗಾಳಿಯು ಹೊರದೂಡುತ್ತದೆ. ಯಂತ್ರವನ್ನು ನಿಗದಿತ ವೇಗಕ್ಕಿಂತ ಹೆಚ್ಚಾಗಿ ದುಡಿಸಬಯಸಿದ ಅಮೆರಿಕ, ಯೂರೋಪುಗಳ ಹವ್ಯಾಸಿಗಳು ೨೦೦೦ದ ಆಸುಪಾಸಿನಲ್ಲಿ ನೀರನ್ನು ಆಶ್ರಯಿಸಿದರು. ಮೀನುತೊಟ್ಟಿಯ ಪಂಪು, ಹಳೆಯ ಕಾರಿನ ಹೀಟರಿನಿಂದ ಬಿಚ್ಚಿದ ರೇಡಿಯೇಟರ್, ಪ್ರೊಸೆಸರಿನ ಮೇಲೆ ಕೂರಿಸುವ ತಾಮ್ರದ ಟೊಳ್ಳು ಫಲಕ ಮತ್ತು ಪ್ಲಾಸ್ಟಿಕ್ ಕೊಳವೆಗಳೇ ಅವರ ಸಾಮಗ್ರಿ. ಇಂದು ಸಿದ್ಧ ಸಾಮಗ್ರಿ ದೊರೆಯುತ್ತಿದೆಯಾದರೂ, ಕೊಳವೆಯ ಒಳವ್ಯಾಸ ಎಷ್ಟಿರಬೇಕೆಂಬ ಪ್ರಶ್ನೆ ಪ್ರತಿಯೊಬ್ಬ ಹೊಸಬನ ಮುಂದೆಯೂ ಬಂದು ನಿಲ್ಲುತ್ತದೆ. ಅಗಲವಾದಷ್ಟೂ ಲೇಸೆಂಬುದು ಬಹುಜನರ ನಂಬಿಕೆ.

ಈ ನಂಬಿಕೆಗೆ ಪಠ್ಯಪುಸ್ತಕದ ಬೆಂಬಲವೂ ಉಂಟು. ರಕ್ತದ ಹರಿವನ್ನು ಅರಿಯಬಯಸಿದ ಫ್ರೆಂಚ್ ವೈದ್ಯ ಪ್ವಾಸೂಯ್ ೧೮೪೦ರ ವೇಳೆಗೆ ಸೂಕ್ಷ್ಮವಾದ ಗಾಜಿನ ನಳಿಕೆಗಳಲ್ಲಿ ಪ್ರಯೋಗ ನಡೆಸಿ, ಹರಿವು ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುವುದನ್ನು ಕಂಡುಕೊಂಡನು. ಅಂದರೆ ವ್ಯಾಸ ಇಮ್ಮಡಿಯಾದರೆ ಹರಿವು ಹದಿನಾರು ಮಡಿಯಾಗುತ್ತದೆ. ಆದರೆ ಈ ನಿಯಮವು ಸಲ್ಲುವುದು ನೀರು ಪದರಪದರವಾಗಿ, ಶಾಂತವಾಗಿ ಹರಿಯುವಾಗ ಮಾತ್ರ. ೧೮೮೩ರಲ್ಲಿ ಮ್ಯಾಂಚೆಸ್ಟರಿನ ಆಸ್ಬರ್ನ್ ರೆನಾಲ್ಡ್ಸ್, ಗಾಜಿನ ಕೊಳವೆಯೊಳಗೆ ಬಣ್ಣದ ಎಳೆಯೊಂದನ್ನು ಹರಿಯಬಿಟ್ಟು, ವೇಗವು ಒಂದು ಮಿತಿಯನ್ನು ದಾಟಿದೊಡನೆ ಆ ಎಳೆ ಸುಳಿಸುಳಿಯಾಗಿ ಚದುರುವುದನ್ನು ತೋರಿಸಿದನು. ಅವನ ಹೆಸರಿನ ಸಂಖ್ಯೆಯು ಕೊಳವೆಗಳಲ್ಲಿ ಸುಮಾರು ೨೩೦೦ನ್ನು ದಾಟಿದಾಗ ಶಾಂತ ಹರಿವು ಕದಡತೊಡಗುತ್ತದೆ. ೯.೫ ಮಿ.ಮೀ. ಕೊಳವೆಯಲ್ಲಿ ನಿಮಿಷಕ್ಕೆ ೪ ಲೀಟರ್ ನೀರು ಹರಿಯುವಾಗ ಆ ಸಂಖ್ಯೆ ಹತ್ತಿರ ಹತ್ತಿರ ೧೦,೦೦೦! ಪಾಠದ ಸೂತ್ರವನ್ನು ಇಲ್ಲಿ ನೇರವಾಗಿ ಅನ್ವಯಿಸುವುದು ಸಾಧುವಲ್ಲ.

ಹಾಗಾದರೆ ವಸ್ತುಸ್ಥಿತಿಯೇನು? ಕದಡಿದ ಹರಿವಿನ ಲೆಕ್ಕದಂತೆ, ಅಷ್ಟೇ ನೀರು ಎರಡು ಮೀಟರ್ ಉದ್ದದ ಕೊಳವೆಯಲ್ಲಿ ಹರಿಯಲು, ಒಳವ್ಯಾಸವು ೬.೩ ಮಿ.ಮೀ. ಇದ್ದರೆ ಸುಮಾರು ೨ ಮೀಟರ್ ಎತ್ತರದ ನೀರಿನ ಒತ್ತಡ ಬೇಕು. ೯.೫ ಮಿ.ಮೀ. ಇದ್ದರೆ ಸುಮಾರು ೩೦ ಸೆಂ.ಮೀ., ೧೨.೭ ಮಿ.ಮೀ. ಇದ್ದರೆ ಸುಮಾರು ೮ ಸೆಂ.ಮೀ. ಸಾಕು. ಪಂಪು ೩ ಮೀಟರ್ ಒತ್ತಡವನ್ನು ಒದಗಿಸುತ್ತದೆಂದು ಭಾವಿಸಿದರೆ, ಅತಿ ಕಿರಿದಾದ ಕೊಳವೆಯು ಅದರ ಬಹುಪಾಲನ್ನು ನುಂಗುವುದು ನಿಜ. ಆದರೆ ೯.೫ರಿಂದ ೧೨.೭ಕ್ಕೆ ಏರಿದಾಗ ಉಳಿಯುವುದು ೨೨ ಸೆಂ.ಮೀ. ಮಾತ್ರ, ಹರಿವು ನೂರಕ್ಕೆ ನಾಲ್ಕರಷ್ಟು ಹೆಚ್ಚಿದರೆ ಹೆಚ್ಚು. ಉಳಿದ ತಡೆಯೆಲ್ಲವೂ ತಾಮ್ರದ ಫಲಕದ ಕೂದಲೆಳೆಯಂತಹ ಕಾಲುವೆಗಳಲ್ಲಿ, ರೇಡಿಯೇಟರಿನಲ್ಲಿ ಮತ್ತು ಜೋಡಣೆಯ ತಿರುವುಗಳಲ್ಲಿ ಅಡಗಿದೆ. ಕೆರೆಯ ತೂಬು ಕಿರಿದಾಗಿರುವಾಗ ಕಾಲುವೆಯನ್ನು ಅಗಲಗೊಳಿಸಿ ಫಲವೇನು?

ಇನ್ನು ಶಾಖದ ಲೆಕ್ಕ. ೨೦೦ ವ್ಯಾಟ್ ಶಾಖವನ್ನು ಹೊರುವ ನೀರು ನಿಮಿಷಕ್ಕೆ ೪ ಲೀಟರಿನಂತೆ ಹರಿದರೆ ಬಿಸಿಯೇರುವುದು ಕೇವಲ ೦.೭ ಡಿಗ್ರಿ, ಹರಿವು ಅರ್ಧಕ್ಕಿಳಿದರೂ ೧.೪ ಡಿಗ್ರಿ. ನಿಜವಾದ ಲಾಭವಿರುವುದು ರೇಡಿಯೇಟರಿನ ವಿಸ್ತೀರ್ಣದಲ್ಲಿ ಹಾಗೂ ಅದರ ಮೂಲಕ ಬೀಸುವ ಗಾಳಿಯಲ್ಲಿ. ದಪ್ಪ ಕೊಳವೆಯು ಸಲೀಸಾಗಿ ಬಾಗದು, ಸ್ಥಳವನ್ನೂ ಹೆಚ್ಚು ಬೇಡುತ್ತದೆ ಎಂಬುದು ಬೇರೆ ಮಾತು.

ಇದರಿಂದ ಶಾಲೆಗಳು ಕಲಿಯಬೇಕಾದ ಪಾಠವೊಂದಿದೆ. ನಮ್ಮ ಪ್ರಯೋಗಶಾಲೆಗಳಲ್ಲಿ ಉತ್ತರವನ್ನು ಮೊದಲೇ ಬಲ್ಲ ಪ್ರಯೋಗಗಳೇ ಹೆಚ್ಚು. ವಿದ್ಯಾರ್ಥಿಯು ಪುಸ್ತಕದ ಅಂಕಿಗೆ ತನ್ನ ಅಂಕಿಯನ್ನು ಹೊಂದಿಸುತ್ತಾನೆಯೇ ಹೊರತು ಅಳೆಯುವುದಿಲ್ಲ. ಇದಕ್ಕೆ ಬದಲಾಗಿ, ಎತ್ತರದಲ್ಲಿರಿಸಿದ ಒಂದು ಬಕೆಟ್ ನೀರು, ಸಮಾನ ಉದ್ದದ ಆದರೆ ಭಿನ್ನ ವ್ಯಾಸದ ಮೂರು ಕೊಳವೆ, ಒಂದು ಅಳತೆಯ ಜಾಡಿ, ಒಂದು ಗಡಿಯಾರ ಇಷ್ಟನ್ನು ಅವನ ಕೈಗೆ ಕೊಡಬೇಕು. ಮೊದಲು ಮೂರರ ಹರಿವನ್ನೂ ಅಳೆಯಲಿ. ವ್ಯತ್ಯಾಸ ದೊಡ್ಡದಾಗಿಯೇ ಕಾಣುತ್ತದೆ. ಅನಂತರ ಪ್ರತಿಯೊಂದರ ತುದಿಗೂ ಒಂದೇ ಅಳತೆಯ ಸಣ್ಣ ರಂಧ್ರದ ಮುಚ್ಚಳವನ್ನು ಹಾಕಿ ಮತ್ತೆ ಅಳೆಯಲಿ. ಮೊದಲಿನ ವ್ಯತ್ಯಾಸವು ಬಹುಮಟ್ಟಿಗೆ ಅಳಿದುಹೋಗುತ್ತದೆ. ಏಕೆಂಬ ಪ್ರಶ್ನೆ ಆಗ ಶಿಕ್ಷಕರಿಂದಲ್ಲ, ವಿದ್ಯಾರ್ಥಿಯಿಂದಲೇ ಹೊರಡುತ್ತದೆ.

ದಾನಿಗಳ ಔದಾರ್ಯದಿಂದ ದೊಡ್ಡ ಕಟ್ಟಡಗಳೂ ಬೆಲೆಬಾಳುವ ಉಪಕರಣಗಳೂ ಬರುವುದು ಸ್ವಾಗತಾರ್ಹ. ಆದರೆ ಗಾಜಿನ ಬೀರುವಿನೊಳಗೆ ಬೀಗ ಹಾಕಿಟ್ಟ ಉಪಕರಣಕ್ಕಿಂತ, ಮಕ್ಕಳ ಕೈಯಲ್ಲಿ ನೆನೆದು ಸವೆಯುವ ಕೊಳವೆಯು ಹೆಚ್ಚಿನದನ್ನು ಕಲಿಸೀತು. ತಡೆಯಿರುವುದೆಲ್ಲಿ ಎಂಬುದನ್ನು ಮೊದಲು ಅಳೆದು, ಅನಂತರ ಕೈಹಾಕುವ ಬುದ್ಧಿಯನ್ನು ಬೆಳೆಸುವುದೇ ವಿಜ್ಞಾನ ಶಿಕ್ಷಣದ ಗುರಿಯಾಗಬೇಕು. ಅಂತಹ ಬುದ್ಧಿಯು ಗಣಕಯಂತ್ರಕ್ಕಷ್ಟೇ ಅಲ್ಲದೆ ಬಾಳಿನ ಎಲ್ಲ ಕಾರ್ಯಗಳಿಗೂ ಒದಗಿಬರುತ್ತದೆ.