ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ ಕುರಿತು ಗರುಡಾಚಾರ್‌ಪಾಳ್ಯದಿಂದ ಮನವಿ ಪತ್ರ

ಸ್ಥಳ: ಗರುಡಾಚಾರ್‌ಪಾಳ್ಯ, ಬೆಂಗಳೂರು
ದಿನಾಂಕ: 10 ಅಕ್ಟೋಬರ್ 2025

ಗೆ,
ಸರ್ಕಾರದ ಪ್ರಧಾನ ಕಾರ್ಯದರ್ಶಿಗಳು,
ಉನ್ನತ ಶಿಕ್ಷಣ ಇಲಾಖೆ, ಕರ್ನಾಟಕ ಸರ್ಕಾರ,
ಬೆಂಗಳೂರು.

ವಿಷಯ: ಅಂಕ, ಹಾಜರಾತಿಗಳ ಅಧಿಕಾರವಿಲ್ಲದ ಆಪ್ತಸಮಾಲೋಚಕರನ್ನು ಕಾಲೇಜುಗಳಲ್ಲಿ ನೇಮಿಸುವ ಹಾಗೂ ಪಿ.ಜಿ.ಗಳಲ್ಲಿರುವ ವಿದ್ಯಾರ್ಥಿಗಳಿಗೂ ನೆರವು ತಲುಪಿಸುವ ಬಗ್ಗೆ.

ಮಾನ್ಯರೆ,

ಗರುಡಾಚಾರ್‌ಪಾಳ್ಯದ ಪಿ.ಜಿ.ಗಳಲ್ಲಿದ್ದುಕೊಂಡು ಕೆ.ಆರ್. ಪುರ, ಮಹದೇವಪುರ ಕಡೆಯ ಕಾಲೇಜುಗಳಲ್ಲಿ ಓದುತ್ತಿರುವ ವಿದ್ಯಾರ್ಥಿಗಳು ನಾವು. ನಮ್ಮಲ್ಲಿ ಕೆಲವರ ತಂದೆತಾಯಿಯರೂ ಈ ಮನವಿಗೆ ಸಹಿ ಹಾಕಿದ್ದಾರೆ.

ನಮ್ಮ ಪಿ.ಜಿ.ಗಳು ಹೆಚ್ಚಾಗಿ ವೈಟ್‌ಫೀಲ್ಡ್ ರಸ್ತೆಯ ಕಂಪನಿಗಳ ನೌಕರರನ್ನು ನಂಬಿ ಕಟ್ಟಿದವು. ಹಾಸ್ಟೆಲ್ ಸಿಗದ ವಿದ್ಯಾರ್ಥಿಗಳಿಗೂ ಅವೇ ಆಸರೆ. 2023ರ ಮಾರ್ಚ್‌ನಲ್ಲಿ ಇಲ್ಲಿಗೆ ಮೆಟ್ರೊ ಬಂದ ಮೇಲೆ ಓಡಾಟ ಸುಲಭವಾಗಿದೆ, ಒಂಟಿತನ ಮಾತ್ರ ಹಾಗೆಯೇ ಇದೆ. ಹಾಸ್ಟೆಲ್‌ನಲ್ಲಾದರೆ ವಾರ್ಡನ್ ಇರುತ್ತಾರೆ. ಇಲ್ಲಿ ಎರಡು ದಿನ ಊಟಕ್ಕೆ ಇಳಿಯದೆ ಮಲಗಿದ್ದರೂ ಬಾಗಿಲು ತಟ್ಟಿ ಕೇಳುವವರಿಲ್ಲ. ಪಕ್ಕದ ಮಂಚದವರು ನೈಟ್ ಶಿಫ್ಟ್ ಮುಗಿಸಿ ಬಂದು ಮಲಗಿರುತ್ತಾರೆ. ಊರಿಂದ ಅಮ್ಮ ಫೋನ್ ಮಾಡಿದಾಗ ‘ಚೆನ್ನಾಗಿದ್ದೀನಿ’ ಎಂದು ಹೇಳಿ ಇಡುವುದು ನಮಗೆಲ್ಲ ರೂಢಿಯಾಗಿದೆ. ಸಾಲ ಮಾಡಿ ಫೀಸು ಕಟ್ಟಿದವರಿಗೆ ಇನ್ನೇನು ಹೇಳುವುದು?

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕದಂತೆ 2023ರಲ್ಲಿ ದೇಶದಲ್ಲಿ 13,892 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡಿದ್ದಾರೆ. 2022ರಲ್ಲಿ ಪರೀಕ್ಷೆಯ ಸೋಲು ಕಾರಣವೆಂದು ದಾಖಲಾದ ಸಾವುಗಳೇ 2,248. ವಿಶಾಖಪಟ್ಟಣದಲ್ಲಿ ನೀಟ್ ಪರೀಕ್ಷೆಗೆ ಓದುತ್ತಿದ್ದ ಹದಿನೇಳರ ಹುಡುಗಿಯೊಬ್ಬಳ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಳೆದ ಜುಲೈ 25ರಂದು ತೀರ್ಪು ಕೊಟ್ಟಿದೆ. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಸಂಸ್ಥೆಯೂ ಕನಿಷ್ಠ ಒಬ್ಬ ಅರ್ಹ ಸಮಾಲೋಚಕರನ್ನೋ ಮನಶ್ಶಾಸ್ತ್ರಜ್ಞರನ್ನೋ ಸಮಾಜ ಕಾರ್ಯಕರ್ತರನ್ನೋ ನೇಮಿಸಬೇಕು, ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿ ತರಬೇತಿ ಕೊಡಬೇಕು ಎಂದು ಅದರಲ್ಲಿ ವಿಧಿಸಿದೆ. ಕಾನೂನು ಬರುವವರೆಗೆ ಇದೇ ಕಾನೂನು.

ನಮ್ಮ ಮುಖ್ಯ ಬೇಡಿಕೆ ಈ ನೇಮಕದ ಬಗ್ಗೆಯೇ. ಉಪನ್ಯಾಸಕರೊಬ್ಬರ ಹೆಸರಿನ ಮುಂದೆ ‘ಕೌನ್ಸೆಲರ್’ ಎಂದು ಬರೆದು ನೋಟಿಸ್ ಬೋರ್ಡಿಗೆ ಅಂಟಿಸಿದರೆ ನೇಮಕ ಆದಂತಲ್ಲ. ಆ ಮೇಷ್ಟ್ರು ಎಷ್ಟೇ ಒಳ್ಳೆಯವರಿರಲಿ, ನಮ್ಮ ಇಂಟರ್ನಲ್ ಅಂಕ ಹಾಕುವವರು ಅವರು, ಹಾಜರಾತಿ ಬರೆಯುವವರೂ ಅವರೇ. ರಾತ್ರಿ ನಿದ್ದೆ ಬರುತ್ತಿಲ್ಲ, ಬದುಕೇ ಬೇಡವೆನಿಸುತ್ತಿದೆ ಎಂದು ಅವರ ಮುಂದೆ ಹೇಗೆ ಬಾಯಿ ಬಿಡುವುದು? ಹೇಳಿದರೆ ಸ್ಟಾಫ್ ರೂಮಿನಲ್ಲಿ ಮಾತಾಗುತ್ತದೆ, ಮನೆಗೆ ಫೋನ್ ಹೋಗುತ್ತದೆ ಎಂಬ ಭಯ ನಮ್ಮೆಲ್ಲರಿಗೂ ಇದೆ. ಆದ್ದರಿಂದ ಸಮಾಲೋಚಕರು ಪಾಠ ಮಾಡುವವರಾಗಿರಬಾರದು, ಅಂಕ–ಹಾಜರಾತಿಗಳಲ್ಲಿ ಅವರ ಕೈ ಇರಬಾರದು, ಅವರು ಬರೆದಿಟ್ಟದ್ದು ಪ್ರಾಂಶುಪಾಲರ ಮೇಜಿಗೆ ಹೋಗಬಾರದು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 23ನೇ ಕಲಂ ಗೋಪ್ಯತೆಯನ್ನು ಹಕ್ಕೆಂದೇ ಹೇಳಿದೆ. ಜೀವಕ್ಕೆ ಅಪಾಯವಿದ್ದಾಗ ಯಾರಿಗೆ, ಎಷ್ಟು ತಿಳಿಸಲಾಗುತ್ತದೆ ಎಂಬುದನ್ನು ವಿದ್ಯಾರ್ಥಿಗೆ ಮೊದಲ ಭೇಟಿಯಲ್ಲೇ ಹೇಳಬೇಕು. ಸಮಾಲೋಚಕರಿಗೆ ಕನ್ನಡ ಬರಬೇಕು. ಪಾಠ ಇಂಗ್ಲಿಷಿನಲ್ಲಿ ಕೇಳಬಹುದು, ಅಳು ಇಂಗ್ಲಿಷಿನಲ್ಲಿ ಬರುವುದಿಲ್ಲ.

ಸಣ್ಣ ಕಾಲೇಜುಗಳಿಗೆ ಸಂಬಳದ ಹೊರೆ ಆಗುತ್ತದೆಂಬುದು ನಮಗೂ ಗೊತ್ತು. ಮೂರು ನಾಲ್ಕು ಕಾಲೇಜು ಸೇರಿ ನೇಮಿಸಿಕೊಳ್ಳಲು ತೀರ್ಪಿನ ಚೌಕಟ್ಟಿನೊಳಗೆ ಅವಕಾಶವಿದೆಯೇ ಎಂದು ಇಲಾಖೆ ಪರಿಶೀಲಿಸಲಿ. ಸರ್ಕಾರಿ ಕಾಲೇಜುಗಳಿಗೆ ಇಲಾಖೆಯೇ ಅನುದಾನ ಕೊಡಲಿ.

ಇನ್ನು ಹಾಜರಾತಿ. ಟೈಫಾಯಿಡ್ ಆದವರು ವೈದ್ಯರ ಪತ್ರ ತಂದರೆ ವಿನಾಯಿತಿ ಕೇಳಬಹುದು. ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿರುವವರು ಆ ಪತ್ರ ತೋರಿಸಲು ಹೆದರಿ, ಶೇ 75 ಹಾಜರಾತಿ ಇಲ್ಲದೆ ಪರೀಕ್ಷೆಯನ್ನೇ ಕಳೆದುಕೊಳ್ಳುತ್ತಾರೆ. ಕಾಯಿಲೆಯ ಹೆಸರಿಲ್ಲದ ವೈದ್ಯರ ಪತ್ರವನ್ನೂ ಒಪ್ಪಿಕೊಳ್ಳಬೇಕೆಂದು ವಿಶ್ವವಿದ್ಯಾಲಯಗಳಿಗೆ ಸುತ್ತೋಲೆ ಹೊರಡಿಸಿ. ಫಲಿತಾಂಶ ಬರುವ ದಿನವನ್ನು ಮುಂಚಿತವಾಗಿ ತಿಳಿಸಿ, ಅಂದಿನಿಂದ ಒಂದು ವಾರ ಸಮಾಲೋಚಕರು ಸಂಜೆಯೂ ಸಿಗುವಂತೆ ಮಾಡಿ.

ಪಿ.ಜಿ.ಗಳು ತಮ್ಮ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ, ಸರಿ. ಆದರೆ 2024ರಲ್ಲಿ ಅಂದಿನ ಬಿಬಿಎಂಪಿ ಪಿ.ಜಿ.ಗಳಿಗೆ ನಿಯಮ ಮಾಡಿ, ತಲೆಗೆ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು ಎಂದು ಲೆಕ್ಕ ಹಾಕಿಕೊಟ್ಟಿತು. ಅದೇ ನಿಯಮಗಳಲ್ಲಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ ಸಂಖ್ಯೆ 14416ರ ಫಲಕವನ್ನೂ, ಪಿ.ಜಿ. ಮೇಲ್ವಿಚಾರಕರಿಗೆ ಅರ್ಧ ದಿನದ ತರಬೇತಿಯನ್ನೂ ಸೇರಿಸುವಂತೆ ಬೆಂಗಳೂರು ಪೂರ್ವ ನಗರ ಪಾಲಿಕೆಗೆ ತಾವು ಬರೆಯಬೇಕು. ನಿಮ್ಹಾನ್ಸ್ ಮಾರ್ಗದರ್ಶನದ ಈ ಉಚಿತ ಸಹಾಯವಾಣಿ 2022ರ ಅಕ್ಟೋಬರ್ 10ರಂದು ಶುರುವಾಯಿತು, ಇಂದಿಗೆ ಸರಿಯಾಗಿ ಮೂರು ವರ್ಷ. ದಿನದ 24 ಗಂಟೆಯೂ ಕನ್ನಡದಲ್ಲೇ ಮಾತಾಡಬಹುದು. ಹೀಗಿದ್ದೂ ಈ ಪತ್ರಕ್ಕೆ ಸಹಿ ಕೇಳುತ್ತ ಹೋದಾಗ ಆ ಸಂಖ್ಯೆಯನ್ನು ಮೊದಲ ಸಲ ಕೇಳುತ್ತಿದ್ದೇವೆ ಎಂದವರು ಅನೇಕರು. ಫೋನಿನಲ್ಲಿ ಮುಗಿಯದ ಕಷ್ಟಕ್ಕೆ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೇ ಹೋಗಬೇಕೆಂದರೆ ಅಂದಿನ ತರಗತಿ ತಪ್ಪುತ್ತದೆ. ಕೆ.ಆರ್. ಪುರದ ಸಾರ್ವಜನಿಕ ಆಸ್ಪತ್ರೆಯಲ್ಲಿ ವಾರಕ್ಕೆ ಎರಡು ಸಂಜೆ ಮನೋವೈದ್ಯರು ಸಿಗುವಂತೆ ಆರೋಗ್ಯ ಇಲಾಖೆಯೊಂದಿಗೆ ಮಾತಾಡಿ ಏರ್ಪಾಡು ಮಾಡಿಸಿಕೊಡಿ.

ಮುಂದಿನ ಸೆಮಿಸ್ಟರ್ ಪರೀಕ್ಷೆ ಹತ್ತಿರದಲ್ಲಿದೆ. ಅದಕ್ಕೆ ಮುಂಚೆ ತಮ್ಮ ಲಿಖಿತ ಉತ್ತರ ನಮ್ಮ ಕೈ ಸೇರಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಗರುಡಾಚಾರ್‌ಪಾಳ್ಯದ ಪಿ.ಜಿ. ನಿವಾಸಿ ವಿದ್ಯಾರ್ಥಿಗಳು ಹಾಗೂ ಪೋಷಕರು