ಸೇತುವೆಗೂ ಒಂದು ಸೂರು

ಬೇಸಿಗೆ ಬಂತೆಂದರೆ ನಮ್ಮ ದಕ್ಷಿಣ ಕ್ಯಾಲಿಫೋರ್ನಿಯಾದ ಕನ್ನಡಿಗರ ಮನೆಗಳಲ್ಲಿ ಊರಿಂದ ಬಂದ ಅಪ್ಪ-ಅಮ್ಮ, ಅತ್ತೆ-ಮಾವಂದಿರ ಸಂಭ್ರಮ. ಅವರನ್ನು ಎಲ್ಲೆಲ್ಲಿಗೆ ಕರೆದುಕೊಂಡು ಹೋಗಬೇಕು ಅನ್ನುವುದು ನಮಗೆಲ್ಲ ಬಾಯಿಪಾಠ. ಯೂನಿವರ್ಸಲ್ ಸ್ಟುಡಿಯೋ, ಹಾಲಿವುಡ್ ಬೋರ್ಡು, ಮಾಲಿಬು ದೇವಸ್ಥಾನ, ಸ್ಯಾನ್ ಡಿಯಾಗೋ ಝೂ, ಲಾಂಗ್ ವೀಕೆಂಡ್ ಸಿಕ್ಕರೆ ವೇಗಸ್. ಪಾಪ, ಹಿರಿಯರೂ ಎಲ್ಲದಕ್ಕೂ "ಚೆನ್ನಾಗಿದೆ ಕಣಪ್ಪ" ಅನ್ನುತ್ತಾರೆ. ಈ ಪಟ್ಟಿಗೆ ಇನ್ನೊಂದನ್ನು ಸೇರಿಸಿ ಅಂತ ವಾದ ಮಾಡುವುದಕ್ಕೇ ಇವತ್ತು ಕೂತಿದ್ದೇನೆ: ಹಳೆಯ ಸೇತುವೆಗಳು. ಅದರಲ್ಲೂ ಮರದಲ್ಲಿ ಕಟ್ಟಿ, ಮೇಲೆ ಮಾಡು ಹೊದಿಸಿದ ಕವರ್ಡ್ ಬ್ರಿಡ್ಜುಗಳು.

"ಅದಕ್ಕೆ ವರ್ಮಾಂಟಿಗೆ ಹೋಗಬೇಕಲ್ಲ ಸ್ವಾಮಿ" ಅನ್ನಬೇಡಿ. ನಾವೆಲ್ಲ ವರ್ಷಕ್ಕೊಂದು ಸಲವಾದರೂ ಯೊಸೆಮಿಟಿಗೆ ಹೋಗುತ್ತೇವಷ್ಟೆ? ಫ್ರೆಸ್ನೋ ದಾಟಿ 41ರಲ್ಲಿ ಹೋಗುವಾಗ ದಕ್ಷಿಣ ಗೇಟಿನಿಂದ ನಾಲ್ಕೈದು ಮೈಲಿಗೆ ವಾವೋನಾ ಸಿಗುತ್ತದೆ. ಅಲ್ಲಿ ಮರ್ಸೆಡ್ ನದಿಯ ದಕ್ಷಿಣ ಕವಲಿನ ಮೇಲೆ ಒಂದು ಕವರ್ಡ್ ಬ್ರಿಡ್ಜ್ ಇದೆ. ಟನಲ್ ವ್ಯೂನಲ್ಲಿ ಫೋಟೋ ಹೊಡೆಯುವ ಅವಸರದಲ್ಲಿ ನಮ್ಮ ಟೊಯೋಟಾಗಳೆಲ್ಲ ಅದರ ಪಕ್ಕದಲ್ಲೇ ಹಾದು ಹೋಗುತ್ತವೆ!

ಆ ಸೇತುವೆಯ ಕಥೆ ನಮ್ಮಂಥ ವಲಸಿಗರಿಗೇ ಹೇಳಿ ಮಾಡಿಸಿದ ಹಾಗಿದೆ. 1857ರಲ್ಲಿ ಗೇಲನ್ ಕ್ಲಾರ್ಕ್ ಎಂಬಾತ ಅದನ್ನು ಕಟ್ಟಿದಾಗ ಮಾಡು ಇರಲಿಲ್ಲ. ಮುಂದೆ ಆ ಜಾಗ ವಾಷ್‌ಬರ್ನ್ ಸೋದರರ ಕೈಗೆ ಬಂತು. ಅವರ ಮೂಲ ದೇಶದ ಇನ್ನೊಂದು ತುದಿಯ ವರ್ಮಾಂಟ್. ಅವರ ಊರಿನಲ್ಲಿ ಸೇತುವೆ ಎಂದರೆ ಮಾಡು ಇರುವ ಸೇತುವೆ. 1870ರ ದಶಕದ ಕೊನೆಯಲ್ಲಿ ಈ ಸೇತುವೆಗೂ ಗೋಡೆ, ಮಾಡು ಎರಡೂ ಬಂದವು. ನಾವು ಇಲ್ಲಿನ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಕರಿಬೇವು ಬೆಳೆಸುತ್ತೇವಲ್ಲ, ಹಾಗೆ.

ಅಲ್ಲಿಗೆ ನಮ್ಮ ಅಪ್ಪಯ್ಯನನ್ನು ಕರೆದುಕೊಂಡು ಹೋಗಿದ್ದೆ. ತೀರ್ಥಹಳ್ಳಿ ಕಡೆಯವರು, ಮಂಡಿನೋವು, ಮಾತು ಕಮ್ಮಿ. ಹೊಸಬರು ಯಾರೇ ಆದರೂ ಮೊದಲು ಕೇಳುವುದು "ಮಾಡು ಯಾಕೆ, ಜನ ನೆನೆಯಬಾರದು ಅಂತಲಾ?" ಅಂತ. ಅಪ್ಪಯ್ಯ ಕೇಳಲಿಲ್ಲ. ಒಳಗೆ ಹೋಗಿ ತೊಲೆಗಳ ಮೇಲೆ ಕೈಯಾಡಿಸಿ, ಕೀಲುಗಳನ್ನು ಬಗ್ಗಿ ನೋಡಿ, "ಕೊಡೆ ಹಿಡಿದದ್ದು ಮನುಷ್ಯರಿಗಲ್ಲ ಮಾರಾಯ, ಮರಕ್ಕೆ" ಅಂದರು. ಅಷ್ಟೇ ಸಂಗತಿ! ಬಿಸಿಲು ಮಳೆಗೆ ಬಿಟ್ಟ ಮರದ ಸೇತುವೆ ಹತ್ತಿಪ್ಪತ್ತು ವರ್ಷಕ್ಕೆ ಲಡ್ಡಾಗುತ್ತದೆ. ಭಾರ ಹೊರುವ ತೊಲೆಗಳಿಗೂ ಅವುಗಳ ಕೀಲುಗಳಿಗೂ ನೀರು ಇಳಿಯದಂತೆ ನೋಡಿಕೊಂಡರೆ ನೂರು ವರ್ಷ ದಾಟುತ್ತದೆ. ಮಾಡಿನ ಹಲಗೆ ಹಾಳಾದರೆ ಬದಲಿಸುವುದು ಸುಲಭ, ತೊಲೆ ಹಾಳಾದರೆ ಸೇತುವೆಯೇ ಹೋಯಿತು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಹಳ್ಳಕ್ಕೆ ಹೊಸ ಅಡಿಕೆ ಮರ ಹಾಕಿ ಕಾಲುಸಂಕ ಕಟ್ಟಿದವರಿಗೆ ಇದನ್ನು ಯಾವ ಗೈಡೂ ಹೇಳಿಕೊಡಬೇಕಿಲ್ಲ. ಅವತ್ತು ಅಪ್ಪಯ್ಯ ಹತ್ತು ನಿಮಿಷ ಸತತವಾಗಿ ಮಾತಾಡಿದರು. ವೇಗಸ್ಸಿನಲ್ಲಿ ಎರಡು ದಿನಕ್ಕೂ ಅಷ್ಟು ಆಡಿರಲಿಲ್ಲ.

ಕಾಲುಸಂಕವನ್ನು ಹೊಗಳಿ ಅಟ್ಟಕ್ಕೇರಿಸುವ ಉದ್ದೇಶ ನನಗಿಲ್ಲ. ಆಗುಂಬೆಯ ಮಳೆಯಲ್ಲಿ ಶಾಲೆಯ ಚೀಲ ಹೊತ್ತು ಅದರ ಮೇಲೆ ನಡೆಯುವುದು ಕವಿತೆಯಲ್ಲಿ ಮಾತ್ರ ಚೆಂದ. ಮಕ್ಕಳು ಜಾರಿ ನೀರುಪಾಲಾದದ್ದೂ ಉಂಟು. ಅಂಥ ಕಡೆ ಗಟ್ಟಿ ಸೇತುವೆ ಬರುವುದೇ ಸರಿ. ಸುಳ್ಯದ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿ, ಆಮೇಲೆ ಅಂಥವು ನೂರಕ್ಕೂ ಮಿಕ್ಕಿ ಕಟ್ಟಿದರು. 2017ರಲ್ಲಿ ಪದ್ಮಶ್ರೀ ಬಂತು. ಸೇತುವೆ ಮೊದಲು ದಾಟಲಿಕ್ಕೆ, ನೋಡಲಿಕ್ಕೆ ಆಮೇಲೆ.

"ಹಂಪಿ, ಬೇಲೂರು ಕಂಡ ಕಣ್ಣಿಗೆ 1857 ಒಂದು ಹಳೇದೇ?" ಅಂತ ಗೆಳೆಯರೊಬ್ಬರು ಪಾಟ್‌ಲಕ್ಕಿನಲ್ಲಿ ನಕ್ಕರು. ಪ್ರಶ್ನೆ ಸರಿಯೇ. ಆದರೆ ಕಲ್ಲು ಹೆಚ್ಚುಕಮ್ಮಿ ತಾನೇ ನಿಲ್ಲುತ್ತದೆ, ಮರ ನಿಲ್ಲಬೇಕಾದರೆ ತಲೆಮಾರಿಗೊಬ್ಬರಾದರೂ ಏಣಿ ಹತ್ತಬೇಕು. ವಾವೋನಾದ ಸೇತುವೆ 1955ರ ಡಿಸೆಂಬರ್ ಪ್ರವಾಹದಲ್ಲಿ ಜರ್ಜರಿತವಾದಾಗ ಕೆಡವಿ ಕಾಂಕ್ರೀಟ್ ಸುರಿಯಬಹುದಿತ್ತು, ಪಾರ್ಕಿನವರು ರಿಪೇರಿ ಮಾಡಿಸಿದರು. ಇನ್ನೂ ಉತ್ತರಕ್ಕೆ, ಸೌತ್ ಯೂಬಾ ನದಿಯ ಮೇಲೆ ಬ್ರಿಡ್ಜ್‌ಪೋರ್ಟಿನ ಸೇತುವೆ ಇದೆ. 1862ರದ್ದು, ನೆವಾಡಾದ ಬೆಳ್ಳಿ ಗಣಿಗಳಿಗೆ ಸರಕು ಸಾಗಿಸುವ ಟೋಲ್ ರಸ್ತೆಗಾಗಿ ಕಟ್ಟಿದ್ದು. ನಡುವೆ ಒಂದೂ ಕಂಬವಿಲ್ಲದೆ ಇನ್ನೂರಕ್ಕೂ ಹೆಚ್ಚು ಅಡಿ ಹಾರುತ್ತದೆ. ಶಿಥಿಲವಾಯಿತೆಂದು 2011ರಲ್ಲಿ ಜನ ನಡೆದಾಡುವುದನ್ನೂ ನಿಲ್ಲಿಸಿದ್ದರು. ದುರಸ್ತಿ ಮುಗಿಸಿ ಮತ್ತೆ ತೆರೆದದ್ದು 2021ರಲ್ಲಿ. ಹತ್ತು ವರ್ಷ!

ಎಲ್ಲದಕ್ಕೂ ಆ ಅದೃಷ್ಟ ಇಲ್ಲ. ಬ್ಯೂಟ್ ಕೌಂಟಿಯ ಹನಿ ರನ್ ಸೇತುವೆಯನ್ನು 1886ರಲ್ಲಿ ಕಟ್ಟಿದ್ದರು, ಮಾಡು ಮೂರು ಅಂತಸ್ತಿನಲ್ಲಿ ಏರಿಳಿಯುತ್ತಿತ್ತು. 2018ರ ನವೆಂಬರ್ 8ರಂದು ಪ್ಯಾರಡೈಸ್ ಊರನ್ನು ಸುಟ್ಟ ಬೆಂಕಿಯೇ ಅದನ್ನೂ ಸುಟ್ಟಿತು. ಮಳೆಯಿಂದ ಕಾದ ಮಾಡು ಬೆಂಕಿಗೆ ಏನು ಮಾಡೀತು? "ಮುಂದಿನ ವರ್ಷ ನೋಡಿದರಾಯಿತು" ಅನ್ನುವ ನಮ್ಮ ಲೆಕ್ಕಾಚಾರವನ್ನು ನಾನು ನಂಬುವುದು ಬಿಟ್ಟದ್ದು ಆವಾಗಿನಿಂದ. ಲಾಸ್ ಏಂಜಲೀಸಿನ ಸಿಕ್ಸ್ತ್ ಸ್ಟ್ರೀಟ್ ಸೇತುವೆಯನ್ನೇ ತಗೊಳ್ಳಿ. ಸಿನಿಮಾಗಳಲ್ಲಿ ಎಷ್ಟು ಸಲ ನೋಡಿಲ್ಲ? 1932ರ ಕಾಂಕ್ರೀಟು ಒಳಗಿನ ರಾಸಾಯನಿಕ ಕ್ರಿಯೆಯಿಂದಲೇ ಬಿರುಕು ಬಿಟ್ಟು, 2016ರಲ್ಲಿ ಕೆಡವಿದರು. 2022ರಲ್ಲಿ ಬಂದ ಹೊಸದು ಸುಂದರವಾಗಿದೆ, ಇಲ್ಲವೆನ್ನುವುದಿಲ್ಲ. ಆದರೆ ಅದು ಬೇರೆಯೇ ಸೇತುವೆ.

ಯೊಸೆಮಿಟಿವರೆಗೆ ಆಗದು ಅನ್ನುವವರು ಸ್ಯಾನ್ ಡಿಯಾಗೋಗೆ ಹೋದಾಗ, ಝೂ ಮುಗಿಸಿ ಬ್ಯಾಂಕರ್ಸ್ ಹಿಲ್ ಕಡೆ ಒಂದು ಗಂಟೆ ತಿರುಗಿ. ಸ್ಪ್ರೂಸ್ ಸ್ಟ್ರೀಟಿನಲ್ಲಿ 1912ರ ತೂಗುಸೇತುವೆ ಇದೆ, 375 ಅಡಿ ಉದ್ದ, ಕಣಿವೆಯ ಆಚೆಯ ಟ್ರಾಮಿಗೆ ಜನ ನಡೆದುಹೋಗಲಿಕ್ಕೆ ಕಟ್ಟಿದ್ದು. ಕಾಲಿಟ್ಟರೆ ತೂಗುತ್ತದೆ. ಮಕ್ಕಳಿಗೆ ಡಿಸ್ನಿ ರೈಡಿಗಿಂತ ಇದೇ ಇಷ್ಟವಾದರೆ ನನ್ನನ್ನು ಬೈಯಬೇಡಿ. ಹತ್ತಿರದಲ್ಲೇ ಕ್ವಿನ್ಸ್ ಸ್ಟ್ರೀಟಿನಲ್ಲಿ 1905ರ ಮರದ ಸೇತುವೆ. ಅದನ್ನು ಕೆಡವಲು ಹೊರಟಾಗ ಹಟ ಹಿಡಿದು ಉಳಿಸಿಕೊಂಡವರು ಅಕ್ಕಪಕ್ಕದ ಮನೆಯವರೇ. ಎರಡಕ್ಕೂ ಟಿಕೆಟ್ ಇಲ್ಲ, ಲೈನ್ ಇಲ್ಲ. ಹಿರಿಯರಿಗೆ ಕಾಲು ನೋವು ಬರುವಷ್ಟು ದೂರವೂ ಇಲ್ಲ.

ವಾವೋನಾಕ್ಕೆ ಲಾಸ್ ಏಂಜಲೀಸಿನಿಂದ ಐದಾರು ಗಂಟೆ, ಸ್ಯಾನ್ ಡಿಯಾಗೋದವರು ಇನ್ನೆರಡು ಸೇರಿಸಿಕೊಳ್ಳಿ. ಚಳಿಗಾಲದಲ್ಲಿ ಟೈರಿಗೆ ಚೈನ್ ಬೇಕಾದೀತು, ಮೇ ತಿಂಗಳ ನಂತರ ಹಿತ. ಸೇತುವೆಯ ಕೆಳಗೆ ನದಿ ದಂಡೆಯಲ್ಲಿ ಕೂತು ಚಿತ್ರಾನ್ನ, ಮೊಸರನ್ನ ಬಿಚ್ಚಬಹುದು. ಬೇಸಿಗೆಯಲ್ಲಿ ನಾಲ್ಕೈದು ಕಾರು ಜೊತೆಯಾಗಿ ಹೊರಡುವುದಾದರೆ ಉಪ್ಪಿನಕಾಯಿ ನನ್ನ ಕಡೆಯಿಂದ.