ಈ ನಗೆಚಿತ್ರ ಮಕ್ಕಳಿಗೆ ತಕ್ಕುದೇ?

1975ರಲ್ಲಿ ಬ್ರಿಟನ್ನಿನಲ್ಲಿ ತಯಾರಾದ ‘ಮಾಂಟಿ ಪೈಥಾನ್ ಅಂಡ್ ದ ಹೋಲಿ ಗ್ರೇಲ್’ ಆರ್ಥರ್ ರಾಜನ ಐತಿಹ್ಯವನ್ನು ಗೇಲಿ ಮಾಡುವ ಚಲನಚಿತ್ರ. ಇದನ್ನು ಮಕ್ಕಳಿಗೆ ತೋರಿಸಬಹುದೇ ಎಂದು ಕೆಲವು ಹೆತ್ತವರು ನಮ್ಮನ್ನು ಕೇಳಿದ್ದಾರೆ.

ರಾಜನಿಗೆ ಕುದುರೆಯೇ ಇಲ್ಲ. ಸೇವಕನು ತೆಂಗಿನ ಗೆರಟೆ ಬಡಿದು ಗೊರಸಿನ ಸದ್ದು ಮಾಡುತ್ತಾನೆ. ಇದಕ್ಕೆ ಎಳೆಯರೂ ನಗುವರು. ಆದರೆ ಕರಿಕವಚದ ಯೋಧನು ಕೈಕಾಲುಗಳೆಲ್ಲ ಕಡಿದು ಬಿದ್ದು ನೆತ್ತರು ಚಿಮ್ಮಿದರೂ ಸೋಲೊಪ್ಪುವುದಿಲ್ಲ. ಅಲ್ಲಿ ನಗೆಯ ಗುರಿ ನೋವಲ್ಲ, ಒಣ ಪ್ರತಿಷ್ಠೆ. ಈ ವ್ಯತ್ಯಾಸ ತಿಳಿಯಲು ಪ್ರಾಯ ಬೇಕು. ಕನ್ಯೆಯರ ಕೋಟೆಯ ಮಾತುಗಳಂತೂ ಚಿಕ್ಕವರಿಗೆ ತಕ್ಕವಲ್ಲ.

ಆದುದರಿಂದ ಹತ್ತನೆಯ ತರಗತಿಯವರು ಹಿರಿಯರೊಡನೆ ನೋಡಲಿ, ಕಿರಿಯರು ಕಾಯಲಿ ಎಂಬುದು ನಮ್ಮ ಅಭಿಪ್ರಾಯ. ಹೆತ್ತವರೇ, ಮೊದಲು ನೀವು ನೋಡಿರಿ. ಮಕ್ಕಳು ನಕ್ಕಾಗ, ಏತಕ್ಕೆ ನಕ್ಕಿರೆಂದು ಕೇಳಿರಿ.